ಎರಡು ಗೌರಿ ಹೂ

ಚನ್ನಗಿರಿಯ ನಮ್ಮ ಮನೆಯ ಗೇಟಿಗೂ ನೀರಿನ ಸಂಪಿಗೂ ನಡುವೆ ಮೊಳದಗಲದ ಮಣ್ಣು ಉಳಿದಿದೆ. ಮನೆ ಕಟ್ಟಿಸುವಾಗ ಮೇಸ್ತ್ರಿ ಅದಕ್ಕೂ ಸಿಮೆಂಟು ಬಳಿಯಲು ಹೊರಟಿದ್ದ. ಜಗಳ ಮಾಡಿ ಉಳಿಸಿಕೊಂಡೆ. ಉಳಿಸಿಕೊಂಡ ಮೇಲೆ ಅಲ್ಲೇನು ಹಾಕಬೇಕು ಎಂದು ತೀರ್ಮಾನ ಮಾಡಲು ಇಷ್ಟು ವರ್ಷ ಹಿಡಿಯಿತು ಎಂದರೆ ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ಟೀಚರ್ ಕೆಲಸ ಮಾಡಿ ರಿಟೈರ್ ಆದವಳಿಗೆ ಯೋಚನೆ ಮಾಡೋದು ಬಿಟ್ಟು ಬೇರೇನು ಕೆಲಸ ಎಂದು ನನ್ನ ಮಗಳೂ ನಗುತ್ತಾಳೆ. ಈ ಸಲ ಮಳೆ ಹಿಡಿಯುವ ಮುಂಚೆ ಗಟ್ಟಿ ಮನಸ್ಸು ಮಾಡಿ ಬಸವಾಪಟ್ಟಣದ ಕಡೆಯ ಒಂದು ನರ್ಸರಿಗೆ ಹೋದೆ. ಅಲ್ಲಿಯ ಹೆಂಗಸು ನನ್ನ ಮುಂದೆ ಎರಡನ್ನು ತಂದಿಟ್ಟಳು. ಒಂದು, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಆಗಷ್ಟೇ ಮೊಳಕೆ ಎತ್ತಿದ್ದ ಬಳ್ಳಿ. ಅದಕ್ಕೆ ಇಂಗ್ಲಿಷಿನಲ್ಲಿ ಅದೇನೋ ಲಿಲ್ಲಿ ಎಂದಳು. ಇನ್ನೊಂದು, ಕಾಗದದ ಪೊಟ್ಟಣದಲ್ಲಿ ಚಿಟಿಕೆಯಷ್ಟು ಕರ್ಣಕುಂಡಲದ ಬೀಜ.

"ಜಾಗ ಎಷ್ಟೈತೆ ಮೇಡಂ?"

"ಒಂದು ಮೊಳ."

"ಹಂಗಾದ್ರೆ ಯಾವ್ದಾರ ಒಂದೇ ಹಾಕ್ರಿ. ಎರಡೂ ಹಾಕಿದ್ರೆ ಎರಡೂ ಕೆಡ್ತಾವೆ."

ಯಾವುದು ಹೆಚ್ಚು ಎಂದು ಕೇಳಿದರೆ ಎರಡರ ಪರವಾಗಿಯೂ ನಾನು ವಾದ ಮಾಡಬಲ್ಲೆ. ಕರ್ಣಕುಂಡಲ ಬಡಪಾಯಿ ಗಿಡ. ಬೀಜ ಎಸೆದರೆ ಸಾಕು, ಎರಡು ಮಳೆಗೆ ತಾನೇ ಎದ್ದು ಮಂಡಿಯೆತ್ತರ ಪೊದೆಯಾಗಿ ನಿಲ್ಲುತ್ತದೆ, ನೀರು ತುಂಬಿದ ದಂಟಿನುದ್ದಕ್ಕೂ ಎಲೆಯ ಸಂದಿಯಲ್ಲೆಲ್ಲ ಹೂ ಬಿಡುತ್ತದೆ. ಯಾರ ಆಸರೆಯೂ ಬೇಡ. ಹಬ್ಬ ಮುಗಿಸಿಕೊಂಡು ಸಾಯುತ್ತದೆ, ಸಾಯುವ ಮುಂಚೆ ಕಾಯಿ ಸಿಡಿಸಿ ಬೀಜ ಚೆಲ್ಲಿರುತ್ತದೆ. ಬಳ್ಳಿಗೆ ಮಾತ್ರ ಗತ್ತು. ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಸಿಕ್ಕಿದ್ದನ್ನು ಹಿಡಿದು ಮೇಲೇರುತ್ತದೆ. ಅದರ ಹೂವು ತಲೆ ಕೆಳಗೆ ಹಾಕಿ, ಎಸಳನ್ನೆಲ್ಲ ಮೇಲಕ್ಕೆತ್ತಿಕೊಂಡು ನಿಲ್ಲುತ್ತದೆ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಡದ ಕೆಂಪು. ಚಳಿಗಾಲಕ್ಕೆ ಒಣಗಿ ಕಾಣದಾದರೂ ಗಡ್ಡೆ ನೆಲದೊಳಗೇ ಇದ್ದು ಮುಂದಿನ ಮಳೆಗೆ ಮತ್ತೆ ಬರುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಎರಡಕ್ಕೂ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಒಂದೇ ಹೆಸರಿತ್ತು. ಎರಡೂ ಗೌರಿ ಹೂ. ನಮ್ಮ ಮನೆಯ ನೆಮ್ಮದಿ ಕೆಟ್ಟಿದ್ದು ಅಲ್ಲಿಂದ.

ಆ ಮನೆ ಇದ್ದದ್ದು ಜಗಳೂರಿನಲ್ಲಿ. ಬಾಗಿಲು ದಾಟಿದರೆ ಪಡಸಾಲೆ, ಅದರ ಮೂಲೆಯಲ್ಲಿ ಒರಳು, ಒಳಗೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ, ಹಿಂದೆ ಬಚ್ಚಲು. ಬಚ್ಚಲ ನೀರು ಹರಿದು ಹೋಗುವ ಕಡೆ ಅಜ್ಜಿಯ ಕರ್ಣಕುಂಡಲ. ನಮ್ಮೂರ ಕಡೆ ನೀರಿನ ಬೆಲೆ ಗೊತ್ತಿದ್ದವರಿಗೇ ಗೊತ್ತು. ಮೈ ತೊಳೆದ ನೀರೂ ದಂಡವಾಗಬಾರದು ಎಂದು ಅಜ್ಜಿ ಅಲ್ಲೇ ಬೀಜ ಉದುರಿಸುತ್ತಿದ್ದಳು. ಅದರಾಚೆ ಬಟ್ಟೆ ಒಗೆಯುವ ಕಲ್ಲು, ಆಮೇಲೆ ಕಳ್ಳಿ ಬೇಲಿ. ಅಜ್ಜಿ ಎಂದರೆ ಅಪ್ಪನ ತಾಯಿ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಆ ಮನೆಯಲ್ಲಿ ಉಪ್ಪಿನ ಗಡಿಗೆಯ ಮುಚ್ಚಳ ತೆಗೆಯಬೇಕಾದರೂ ಅವಳ ಅಪ್ಪಣೆ ಬೇಕಿತ್ತು. ಅಪ್ಪ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವನ ಬಸ್ಸು ಜಗಳೂರಿನಿಂದ ದಾವಣಗೆರೆ, ಹೊನ್ನಾಳಿ ದಾಟಿ ನ್ಯಾಮತಿಗೆ ಹೋಗಿ ಅಲ್ಲೇ ರಾತ್ರಿ ಹಾಲ್ಟ್ ಮಾಡುತ್ತಿತ್ತು. ಹಾಗೆ ಹಾಲ್ಟ್ ಮಾಡುತ್ತಾ ಮಾಡುತ್ತಾ ಊಟ ಹಾಕುವ ಮನೆಯೊಂದು ಗುರುತಾಗಿ, ಆ ಮನೆಯವರ ನೆಂಟರ ಹುಡುಗಿ ನಮ್ಮ ಅವ್ವ ಆದಳು. ಬಸ್ಸು ತಂದ ಸಂಬಂಧ ಎಂದು ಅಜ್ಜಿ ಕೊನೆಯವರೆಗೂ ಆಡಿಕೊಂಡಳು.

ನ್ಯಾಮತಿಯಿಂದ ಜಗಳೂರು ಬಸ್ಸಿನಲ್ಲಿ ಅರ್ಧ ದಿನದ ದಾರಿ, ಅಷ್ಟೇ. ಆದರೆ ಅವ್ವನಿಗೆ ಅದು ಪರದೇಶವಾಗಿತ್ತು. ಅವಳು ಅನ್ನ ಉಂಡು ಬೆಳೆದವಳು, ಇಲ್ಲಿ ಎರಡು ಹೊತ್ತೂ ರಾಗಿ ಮುದ್ದೆ. ನುಂಗಬೇಕಾದ ಮುದ್ದೆಯನ್ನು ಅವಳು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದಳಂತೆ. ಅಜ್ಜಿ ಪಡಸಾಲೆಯಿಂದಲೇ ಕೂಗಿ ಬೀದಿಗೆಲ್ಲ ಕೇಳಿಸುತ್ತಿದ್ದಳು.

"ಮುದ್ದೆ ಅಗಿತಾಳಲ್ಲೋ ನಿನ್ನ ಹೆಂಡ್ತಿ! ಇವ್ಳು ಉಂಡು ಏಳೋದ್ರಾಗೆ ಹೊತ್ತು ಮುಳುಗ್ತೈತೆ!"

ಅವ್ವ ಬಂದ ಮೊದಲ ಗೌರಿ ಹಬ್ಬದ ಕಥೆಯನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೇನೆ. ಬೆಳಿಗ್ಗೆ ಎದ್ದು ಅಜ್ಜಿ, ಹೋಗಿ ಗೌರಿ ಹೂ ಕಿತ್ಕಂಡು ಬಾ ಎಂದಳು. ಹೊಸ ಸೊಸೆ ಬುಟ್ಟಿ ಹಿಡಿದು ಹೊರಟಳು. ಬಚ್ಚಲ ಹಿಂದೆ ಕರ್ಣಕುಂಡಲ ಬಣ್ಣ ಬಣ್ಣವಾಗಿ ತುಂಬಿ ನಿಂತಿತ್ತು. ಅದನ್ನು ದಾಟಿಕೊಂಡೇ ಹೋಗಿ, ಊರ ಬೇಲಿಗಳನ್ನೆಲ್ಲ ಸುತ್ತಿ, ಹೊತ್ತೇರಿದ ಮೇಲೆ ಖಾಲಿ ಬುಟ್ಟಿಯೊಂದಿಗೆ ವಾಪಸು ಬಂದಳು. ಅವಳ ಊರಿನಲ್ಲಿ ಗೌರಿ ಹೂ ಎಂದರೆ ಆ ಬೆಂಕಿ ಬಣ್ಣದ ಬಳ್ಳಿ ಹೂವು. ಹಬ್ಬದ ಹೊತ್ತಿಗೆ ಬೇಲಿ ಬೇಲಿಯಲ್ಲೂ ಬಿಟ್ಟಿರುತ್ತದೆ, ಗೌರಿಗೆ ಅದನ್ನೇ ಏರಿಸುತ್ತಾರೆ. ನಮ್ಮ ಮನೆಯಲ್ಲಿ ಗೌರಿ ಹೂ ಎಂದರೆ ಕರ್ಣಕುಂಡಲ. ಒಂದೇ ಮಾತು, ಎರಡು ಊರು.

"ಗೌರಿ ಹೂ ತಗಂಬಾ ಅಂದ್ರೆ ಊರೆಲ್ಲಾ ಸುತ್ಕಂಡು ಬಂದ್ಯಲ್ಲೇ, ಎಲ್ಲಿ ಹೂವು?"

"ನಿಮ್ಮೂರಾಗೆ ಗೌರಿ ಹೂವೇ ಇಲ್ಲ ಬಿಡ್ರಿ ಅತ್ತೆ. ಎಲ್ಲಾ ಬೇಲಿ ಹುಡುಕಿದೆ."

"ಕಣ್ಣಿಗೇನು ಪೊರೆ ಬಂದೈತಾ? ಬಚ್ಚಲ ಹಿಂದೆ ಮಂಡಿಯೆತ್ತರ ನಿಂತೈತಲ್ಲ!"

"ಅದಾ? ಅದು ಕರ್ಣಕುಂಡಲ ಅಲ್ವೇನ್ರಿ? ಅದನ್ನ ಯಾರಾರ ಗೌರಿಗೆ ಇಡ್ತಾರಾ?"

ಆ ಕೊನೆಯ ಮಾತು ಬೇಕಿರಲಿಲ್ಲ. ಅವ್ವನ ನಾಲಿಗೆಯೇ ಹಾಗೆ, ಒಂದು ಮಾತು ಹೆಚ್ಚಿಗೆ ಆಡದೆ ಅವಳಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ನನಗೂ ಅದೇ ನಾಲಿಗೆ ಬಂದಿದೆ. ಅಜ್ಜಿ ಆವತ್ತು ತಾನೇ ಹೂ ಕಿತ್ತು ತಂದು ಗೌರಿಗೆ ಇಟ್ಟಳು, ಮುತ್ತೈದೆಯರ ಮುಂದೆ ಸೊಸೆಯ ಸೊಕ್ಕಿನ ಕಥೆ ಹೇಳಿದಳು. ಅವ್ವ ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಾ ಎಲ್ಲ ಕೇಳಿಸಿಕೊಂಡಳು. ಅಲ್ಲಿಂದಾಚೆ ಗೌರಿಯ ಮುಂದೆ ಯಾವ ಹೂ ಇರಬೇಕು ಎನ್ನುವುದು ಆ ಮನೆಯಲ್ಲಿ ಯಾರ ಮಾತು ನಡೆಯಬೇಕು ಎನ್ನುವಲ್ಲಿಗೆ ಬಂದು ನಿಂತಿತು.

ಬಳ್ಳಿ ನಮ್ಮ ಹಿತ್ತಲಿಗೆ ಬಂದದ್ದು ನನಗೆ ನೆನಪಿದೆ. ನಾನು ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಅಜ್ಜಿ ನೆಂಟರ ಮನೆಯ ಬಾಣಂತನಕ್ಕೆಂದು ಹೋಗಿದ್ದ ಸಮಯ. ಅವ್ವ ತವರಿಗೆ ಹೋಗಿ ಬರುವಾಗ ಸೆರಗಿನ ತುದಿಯಲ್ಲಿ ಮಣ್ಣಿನ ಸಮೇತ ಒಂದು ಗಡ್ಡೆ ಕಟ್ಟಿಕೊಂಡು ಬಂದಳು. ನೇಗಿಲಿನ ಹಾಗೆ ಮಧ್ಯೆ ಬಾಗಿದ ಗಡ್ಡೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹೂತು, ಮೇಲೊಂದು ಕೋಲು ಊರಿದಳು. ಮಳೆ ಬಿತ್ತು, ಬಳ್ಳಿ ಎದ್ದಿತು. ಅವ್ವ ಬಟ್ಟೆ ಒಗೆಯುವಾಗ ಅದರ ಜೊತೆ ಮಾತಾಡುತ್ತಿದ್ದಳು. ಹಾಡು ಹೇಳುತ್ತಿದ್ದಳು ಕೂಡ. ಅವ್ವನಿಗೆ ಹಾಡಲು ಬರುತ್ತದೆ ಎನ್ನುವುದು ನನಗೆ ಗೊತ್ತಾದದ್ದೇ ಆಗ. ಮೊಗ್ಗು ಹಳದಿಗೆ ತಿರುಗುವ ಹೊತ್ತಿಗೆ ಅಜ್ಜಿ ಬಾಣಂತನ ಮುಗಿಸಿ ಬಂದಳು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವಳು ಚೀಲವನ್ನು ಅಲ್ಲೇ ಕೆಳಕ್ಕೆ ಹಾಕಿದಳು.

"ಯಾರು ತಂದಿದ್ದು ಇದನ್ನ?"

"ನಾನೇ ತಂದೆ. ಇದೇ ರೀ ಗೌರಿ ಹೂ. ನಿಮ್ಮದು ಹಬ್ಬಕ್ಕೆ ಬಂದು ಹಬ್ಬಕ್ಕೇ ಸಾಯ್ತೈತೆ. ಇದು ಹಂಗಲ್ಲ, ಗಡ್ಡೆ ನೆಲದಾಗೇ ಇರ್ತೈತೆ. ಒಂದ್ಸಲ ಹಾಕಿದ್ರೆ ಮುಗೀತು, ಯಾವಾಗ್ಲೂ ಕೈಗೆ ಸಿಗ್ತೈತೆ."

ಅಜ್ಜಿ ಹಾರೆ ತಂದಳು. ಬಳ್ಳಿಯನ್ನು ಎಳೆದು ಹಾಕಿ, ಬುಡ ಅಗೆದು ಗಡ್ಡೆ ತೆಗೆದಳು, ಮುರಿದು ಉಳಿದ ಚೂರನ್ನೂ ಕೈಯಲ್ಲಿ ಮಣ್ಣು ಸೋಸಿ ಹುಡುಕಿದಳು. ತಿಪ್ಪೆಗೆ ಎಸೆಯಲಿಲ್ಲ, ಬಚ್ಚಲ ಒಲೆಗೆ ಹಾಕಿ ಉರಿಸಿದಳು. ಆಮೇಲೆ ಆ ಸಂಜೆ ಹೊತ್ತಿನಲ್ಲಿ ಸೀರೆ ಸಮೇತ ತಲೆಯ ಮೇಲೆ ನೀರು ಸುರುವಿಕೊಂಡಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಕಿತ್ತದ್ದನ್ನು ಅವಳು ಸಹಿಸುತ್ತಿದ್ದಳೋ ಏನೋ. ಆ ಸ್ನಾನವನ್ನು ಸಹಿಸಲಿಲ್ಲ.

"ನನ್ನ ತವರಿನ ಹೂ ಮುಟ್ಟಿದ್ದಕ್ಕೆ ಸೂತಕದ ಸ್ನಾನ ಮಾಡಿದ್ರು ಕಣೇ. ಹೆಣ ಮುಟ್ಟಿದೋರಂಗೆ. ನಮ್ಮನೆಯೋರು ಅಂದ್ರೆ ಅಷ್ಟು ಹೇಸಿಗೆ ಅವ್ರಿಗೆ."

ಇದನ್ನು ಅವ್ವ ನನಗೆ ಎಷ್ಟು ಸಲ ಹೇಳಿರಬಹುದು! ದೊಡ್ಡವಳಾದ ಮೇಲೂ ಹೇಳಿದಳು, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೂ ಹೇಳಿದಳು. ಆವತ್ತಿನಿಂದ ಅವಳು ಕರ್ಣಕುಂಡಲವನ್ನು ಮುಟ್ಟಲಿಲ್ಲ. ಅಜ್ಜಿ ಕೆಂಪು ಕರ್ಣಕುಂಡಲ ಅರೆದು ನನ್ನ ಉಗುರಿಗೆ ಕಟ್ಟಿ ಬಣ್ಣ ತರಿಸಿದರೆ, ಅವ್ವ ನನ್ನನ್ನು ಎಳೆದುಕೊಂಡು ಹೋಗಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಬಣ್ಣ ಹೋಗುತ್ತಿರಲಿಲ್ಲ, ಬೆರಳು ಉರಿಯುತ್ತಿತ್ತು. ಗಂಡಸರು ಜಗಳವಾಡಿದರೆ ಬೀದಿಗೆ ಕೇಳುತ್ತದೆ. ಈ ಇಬ್ಬರ ಜಗಳ ನನ್ನ ಹತ್ತು ಬೆರಳಲ್ಲಿ ನಡೆಯಿತು.

ಜಗಳ ಅಂದರೆ ನಮ್ಮ ಮನೆಯಲ್ಲಿ ಹೀಗೆ: ಅಜ್ಜಿಯದು ಬಾಯಿ, ಅವ್ವನದು ಮೌನ. ಅವ್ವ ಊಟ ಬಿಟ್ಟು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಡುತ್ತಿದ್ದಳು, ಬೇಲಿ ಕಡೆ ಮುಖ ಮಾಡಿಕೊಂಡು. ಅವಳು ಎದ್ದು ಹೋದ ಕ್ಷಣವೇ ಅಜ್ಜಿ ನನ್ನನ್ನು ಹಿಡಿದು ದೂಡುತ್ತಿದ್ದಳು.

"ಹೋಗು, ನಿಮ್ಮವ್ವನ ಹಿಂದೆ ಹೋಗು. ಬಿಟ್ಟು ಬರಬ್ಯಾಡ. ಅವ್ಳು ಎದ್ದು ಬಂದ್ಮೇಲೆ ನೀನು ಬಾ."

ನಾನು ಹೋಗಿ ಅವ್ವನ ಹಿಂದೆ ನಿಲ್ಲುತ್ತಿದ್ದೆ. ಸುಮ್ಮನೆ ಅವಳ ಸೆರಗು ಹಿಡಿದುಕೊಂಡು. ಕರ್ಣಕುಂಡಲದ ಬಲಿತ ಕಾಯಿಗಳನ್ನು ಒತ್ತಿ ಟಪ್ಪೆಂದು ಸಿಡಿಸುತ್ತಾ ಹೊತ್ತು ಕಳೆಯುತ್ತಿದ್ದೆ. ತಾನು ಹೆತ್ತ ಮಗಳನ್ನೇ ಅತ್ತೆ ತನಗೆ ಕಾವಲಿಟ್ಟಿದ್ದಾಳೆ ಎಂದು ಅವ್ವ ಹಲ್ಲು ಕಡಿಯುತ್ತಿದ್ದಳು. ಬಂದೆಯಾ ಪೊಲೀಸು ಎನ್ನುತ್ತಿದ್ದಳು. ಆ ಅಭ್ಯಾಸ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮನೆಯಲ್ಲಿ ಯಾರಾದರೂ ಸಿಟ್ಟು ಮಾಡಿಕೊಂಡು ಎದ್ದು ಹೋದರೆ ನಾನು ಹಿಂದೆಯೇ ಹೋಗುತ್ತೇನೆ. ನನ್ನ ಗಂಡ ಇದ್ದಾಗ ಬೈಯುತ್ತಿದ್ದರು, ಮಗಳು ಈಗಲೂ ಬಾಗಿಲು ಹಾಕಿಕೊಂಡು ಬೈಯುತ್ತಾಳೆ. ಬಾಗಿಲಾಚೆ ನಿಂತಿರುತ್ತೇನೆ. ಮಾನ ಮರ್ಯಾದೆ ಇಲ್ಲದವಳು ಎಂದರೂ ಪರವಾಗಿಲ್ಲ.

ನಾನು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಒಂದು ಗೌರಿ ಹಬ್ಬದ ಹಿಂದಿನ ದಿನ ಅಪ್ಪ ನ್ಯಾಮತಿಯಿಂದ ಬರುವಾಗ ಒಂದು ಗಂಟು ತಂದ. ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಟವೆಲ್ ಕಟ್ಟಿದ್ದ. ಬಾಡಬಾರದೆಂದು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಲ್ಲಿ ನೀರು ಚಿಮುಕಿಸಿದ್ದನಂತೆ. ಬಿಚ್ಚಿದರೆ ಆ ಬೆಂಕಿ ಬಣ್ಣದ ಹೂವು, ಉದ್ದ ತೊಟ್ಟಿನ ಸಮೇತ. ಅವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಪ್ಪ ಪ್ರೀತಿ ತೋರಿಸುವ ಗಂಡಸಲ್ಲ. ಹೆಂಡತಿಯ ಜೊತೆ ಬೀದಿಯಲ್ಲಿ ನಡೆಯುವಾಗಲೂ ಹತ್ತು ಹೆಜ್ಜೆ ಮುಂದಿರುತ್ತಿದ್ದವನು. ಅಂಥವನು ತವರಿನ ಹೂ ತಂದಿದ್ದಾನೆ! ಅವ್ವ ಆ ದಿನ ಕುಣಿಯುವುದೊಂದು ಬಾಕಿ.

ಅವಳು ಹೂ ಬಿಡಿಸಿಕೊಳ್ಳುವ ಮುಂಚೆ ಅಜ್ಜಿ ಬಂದು ಗಂಟನ್ನು ತನ್ನ ಕಡೆಗೆಳೆದುಕೊಂಡಳು. ಒಂದೊಂದೇ ತೊಟ್ಟನ್ನು ತಿರುಗಿಸಿ ಬುಡ ನೋಡಿದಳು, ಬಾಳೆ ಎಲೆ ಕೊಡವಿದಳು, ಟವೆಲ್ ಹಿಂಡಿ ನೋಡಿದಳು. ಆಮೇಲೆ ಗಂಟನ್ನು ಅವ್ವನ ಕಡೆ ಸರಿಸಿ ಎದ್ದು ಹೋದಳು. ನನ್ನ ತವರಿನ ಗಂಟು ಜಪ್ತಿ ಮಾಡ್ತಾರೆ ಎಂದು ಅವ್ವ ಗೊಣಗಿದಳು, ಆದರೆ ಆ ಸಂತೋಷದ ಮುಂದೆ ಅದು ದೊಡ್ಡದಾಗಲಿಲ್ಲ. ಹಬ್ಬದ ದಿನ ಗೌರಿಯ ಬಲಕ್ಕೆ ಕರ್ಣಕುಂಡಲ, ಎಡಕ್ಕೆ ಬಳ್ಳಿ ಹೂ. ಅಜ್ಜಿ ಬೇಡ ಎನ್ನಲಿಲ್ಲ. ಪೂಜೆ ಮುಗಿದ ತಕ್ಷಣ ಅವ್ವ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಸೋಪು ಹಚ್ಚಿ ಕೈ ತೊಳೆಸಿದಳು, ತಾನೂ ತೊಳೆದುಕೊಂಡಳು. ಈ ಹೂ ಮುಟ್ಟಿದ ಕೈ ಬಾಯಿಗೆ ಹೋಗಬಾರದು, ನಮ್ಮೂರಾಗೆ ಮಕ್ಕಳಿಗೆ ಮಾತು ಬರೋ ಮುಂಚೆ ಇದನ್ನ ಕಲಿಸ್ತಾರೆ ಎಂದಳು. ನಾನು ಅದನ್ನು ಮಡಿ ಎಂದುಕೊಂಡೆ.

ಆಮೇಲೆ ವರ್ಷ ವರ್ಷ ಹೂ ಬಂತು. ಹಬ್ಬದ ಹಿಂದಿನ ದಿನ ಅಪ್ಪ ಹೊಸ್ತಿಲು ದಾಟುವಾಗ ಅಜ್ಜಿ, ತಂದ್ಯಾ ಎಂದು ಕೇಳುತ್ತಿದ್ದಳು, ಅಪ್ಪ ತಲೆಯಾಡಿಸುತ್ತಿದ್ದ. ಎಲೆ ಅಡಿಕೆಗೆ ಕೇಳುತ್ತಿದ್ದಾಳೆ ಎಂದುಕೊಂಡಿದ್ದೆವು. ಅವ್ವ ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುವ ದೊಡ್ಡಸ್ತಿಕೆ ಅಂತಿದ್ದರೆ ಇದೊಂದೇ.

"ನಮ್ಮನೆಯೋರು ಒಂದು ಸೀರೆ ತಂದೋರಲ್ಲ, ಒಂದು ಒಳ್ಳೆ ಮಾತಾಡಿದೋರಲ್ಲ. ಆದ್ರೆ ನೋಡ್ರಿ, ಹಬ್ಬಕ್ಕೆ ನನ್ನ ತವರಿನ ಹೂ ತರೋದು ಮಾತ್ರ ಮರೀಲಿಲ್ಲ."

ಅಜ್ಜಿ ಹೋದ ವರ್ಷ ಹೂ ಬರಲಿಲ್ಲ. ಸಾವಿನ ಮನೆ, ಹಬ್ಬ ಇಲ್ಲ, ಸರಿ. ಮರುವರ್ಷ ಅವ್ವ ಹಬ್ಬದ ಹಿಂದಿನ ದಿನ ಸಂಜೆ ಬಾಗಿಲಲ್ಲೇ ಕೂತಿದ್ದಳು. ಅಪ್ಪ ಬಂದ, ಟಿಕೆಟ್ ಚೀಲ ಗೂಟಕ್ಕೆ ಹಾಕಿದ, ಕೈಕಾಲು ತೊಳೆದು ಉಣ್ಣಲು ಕೂತ. ಅವ್ವ ಕೇಳಲಿಲ್ಲ. ಕೇಳಿ ತರಿಸಿಕೊಂಡರೆ ಅದರಲ್ಲೇನಿದೆ ಎನ್ನುವ ಜಾತಿ ಅವಳದು. ಅದರ ಮುಂದಿನ ವರ್ಷವೂ ಇಲ್ಲ. ನನಗೆ ವಯಸ್ಸಾಯ್ತು, ನಿಮ್ಮಪ್ಪಂಗೆ ನಾನು ಬ್ಯಾಡಾದೆ ಎಂದು ಒಂದು ದಿನ ನನ್ನ ಮುಂದೆ ನಕ್ಕಂತೆ ಮಾಡಿ ಅತ್ತಳು. ಹಿತ್ತಲು ಈಗ ಅವಳದೇ ಆಗಿತ್ತು, ಬೇಕಾದ ಬಳ್ಳಿ ಹಾಕಬಹುದಿತ್ತು. ಹಾಕಲಿಲ್ಲ. ಅತ್ತೆ ಸತ್ತ ಮೇಲೆ ಹಾಕಿದರೆ ಗೆದ್ದ ಹಾಗೆ ಆಗುತ್ತದೆ, ಅದು ನನಗೆ ಬೇಡ ಎಂದಳು. ನನ್ನ ಗಂಡ ಕಾಲವಾದ ಮೇಲೆ ಇಬ್ಬರೂ ಚನ್ನಗಿರಿಗೆ ಬಂದು ನನ್ನ ಜೊತೆಗೇ ಉಳಿದರು. ಇಲ್ಲಿಯೇ ಅವ್ವ ತೀರಿಕೊಂಡಳು. ಹೋಗುವ ತನಕ ಅವಳ ಎದೆಯಲ್ಲಿ ಎರಡು ಮುಳ್ಳಿದ್ದವು: ಅತ್ತೆ ತನ್ನ ತವರನ್ನು ಹೇಸಿಗೆ ಎಂದುಕೊಂಡಳು, ಗಂಡ ಹೂ ತರುವುದನ್ನು ಬಿಟ್ಟ.

ನರ್ಸರಿಯಿಂದ ಎರಡನ್ನೂ ಕೊಂಡು ಬಂದವಳು ಬಳ್ಳಿಯ ಚೀಲವನ್ನೂ ಬೀಜದ ಪೊಟ್ಟಣವನ್ನೂ ಅಪ್ಪನ ಮುಂದೆ ಇಟ್ಟೆ. ಅವನಿಗೆ ಈಗ ಕಣ್ಣು ಮಂಜು, ಕಿವಿ ಚುರುಕು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಹೋಗಿ ಬರುವ ಬಸ್ಸುಗಳ ಸದ್ದಿನಲ್ಲೇ ಯಾವ ರೂಟು ಎಂದು ಹೇಳುತ್ತಿರುತ್ತಾನೆ. ಅರ್ಧ ತಪ್ಪು ಹೇಳುತ್ತಾನೆ.

"ಯಾವ್ದು ಹಾಕ್ಲಿ ಅಪ್ಪ?"

"ಗಿಡ ಹಾಕು. ಬಳ್ಳಿ ಬ್ಯಾಡ."

"ಯಾಕೆ? ನೀನೇ ಅಲ್ವಾ ಅವ್ವಂಗೆ ಈ ಹೂ ತಂದ್ಕೊಡ್ತಿದ್ದೋನು?"

"ಹೂವು ಬೇರೆ, ಗಡ್ಡೆ ಬೇರೆ. ಹೂ ತಂದ್ಕೊಡು, ಗಡ್ಡೆ ಮಾತ್ರ ಹೊಸ್ತಿಲ ಒಳಗೆ ಬರಬಾರ್ದು ಅಂತ ನಮ್ಮವ್ವ ಹೇಳಿದ್ಲು."

ನನಗೆ ಅರ್ಥವಾಗಲಿಲ್ಲ. ನಮ್ಮವ್ವ ಎಂದರೆ ಅವನ ಅವ್ವ, ಅಂದರೆ ಅಜ್ಜಿ.

"ಅಜ್ಜಿನಾ? ಹೂ ತಗಂಬಾ ಅಂತ ಅಜ್ಜಿ ಹೇಳಿದ್ಲಾ?"

"ಮತ್ತೆ? ನನಗೇನು ತಿಳೀತಿತ್ತು ಅವೆಲ್ಲಾ. ಹಬ್ಬ ಬಂತು ಅಂದ್ರೆ ನಮ್ಮವ್ವ ಮೊದ್ಲೇ ಹೇಳಿ ಕಳಿಸೋಳು. ಪಾಪ ಆ ಹುಡುಗಿ ಹಬ್ಬದ ದಿನ ಮುಖ ಸಣ್ಣ ಮಾಡ್ಕಂಡು ಕೂರ್ತಾಳೆ, ಅವ್ಳ ಊರಿನ ಹೂವು ತಂದ್ಕೊಡು ಅಂತ. ಬೇರು ಇರಬಾರ್ದು, ನೋಡ್ಕಂಡು ತಗಂಬಾ ಅಂತ."

ನಾನು ಸಂಪಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಪ್ಪ ಬಸ್ಸಿನ ಟೈಮು ಹೇಳುವವನ ಧ್ವನಿಯಲ್ಲೇ ಮಿಕ್ಕದ್ದನ್ನೂ ಹೇಳಿದ. ಅಜ್ಜಿಗೆ ಹಾಲಮ್ಮ ಅಂತ ಒಬ್ಬಳು ತಂಗಿ ಇದ್ದಳಂತೆ. ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ಕೊಟ್ಟ ಮನೆಯಲ್ಲಿ ಅತ್ತೆಯ ಕಾಟ ತಾಳಲಾರದೆ ಬೇಲಿಯಲ್ಲಿದ್ದ ಆ ಗಡ್ಡೆ ತಿಂದು ಪ್ರಾಣ ಬಿಟ್ಟಳಂತೆ. ಕರಡಿಕಣ್ಣಿನ ಗಡ್ಡೆ ಅಂತಾರೆ ನಮ್ಮ ಕಡೆ ಅದಕ್ಕೆ ಎಂದ ಅಪ್ಪ. ಹೆಣ ತೊಳೆದವಳು ಅಜ್ಜಿ. ಅಲ್ಲಿಂದ ಅವಳು ಆ ಬಳ್ಳಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಅಂಥವಳು ಹಿತ್ತಲಿಗೆ ಹೋದರೆ ಸೊಸೆ ಅದನ್ನೇ ತಂದು ನೆಟ್ಟಿದ್ದಾಳೆ. ಯಾವಾಗಲೂ ಕೈಗೆ ಸಿಗುತ್ತದೆ ಎಂದು ಬೇರೆ ಹೇಳುತ್ತಿದ್ದಾಳೆ. ಅಯ್ಯೋ ನನ್ನ ಅಜ್ಜಿಯೇ! ಆ ಸೂತಕದ ಸ್ನಾನ ಅವ್ವನ ತವರಿನದ್ದಲ್ಲ, ಹಾಲಮ್ಮನದು. ಗಂಟು ಜಪ್ತಿ ಮಾಡಿದ್ದು ಬೇರು ಹುಡುಕಲು. ಹಿಂದೆ ಹೋಗು, ಬಿಟ್ಟು ಬರಬೇಡ ಎಂದು ನನ್ನನ್ನು ದೂಡಿದ್ದು ಕಾವಲಿಗೇ. ಆದರೆ ಅವ್ವ ಅಂದುಕೊಂಡ ಕಾವಲಲ್ಲ.

"ಅವ್ವಂಗೆ ಒಂದು ಮಾತು ಹೇಳ್ಬೋದಿತ್ತಲ್ಲಪ್ಪ! ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳೋದು? ಅತ್ಕಂಡು ಕೂತಿರೋ ಸೊಸೆಗೆ ಇದು ಇಂಥಾದ್ದು ಅಂತ ಹೇಳಿದ್ರೆ ದಾರಿ ತೋರಿಸಿದಂಗೆ ಅಲ್ವಾ? ಅವ್ಳಿಗೆ ಗೊತ್ತಿಲ್ಲ, ಗೊತ್ತಿಲ್ಲದಂಗೇ ಇರ್ಲಿ ಅಂದ್ಲು ನಮ್ಮವ್ವ. ತನ್ನ ತಲೆ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸ್ಕಂಡ್ಲು."

"ಅವ್ವಂಗೆ ಗೊತ್ತಿತ್ತು ಅಪ್ಪ."

"ಏನು?"

"ಅದು ವಿಷ ಅಂತ. ಅವ್ಳ ಊರಾಗೆ ಕೂಸುಗಳಿಗೂ ಗೊತ್ತು. ಹೂ ಮುಟ್ಟಿದಾಗೆಲ್ಲಾ ನನ್ನ ಕೈ ಸೋಪು ಹಚ್ಚಿ ತೊಳೆಸ್ತಿದ್ಲು."

"ಗೊತ್ತಿತ್ತಾ?"

ಅಪ್ಪ ಅದನ್ನೇ ಮತ್ತೊಮ್ಮೆ ಕೇಳಿದ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಅವನು ರೂಟು ಹೇಳಲಿಲ್ಲ. ಇಬ್ಬರಿಗೂ ಗೊತ್ತಿದ್ದ ಒಂದು ವಿಷಯವನ್ನು ಇನ್ನೊಬ್ಬರಿಗೆ ಗೊತ್ತಿಲ್ಲ ಎಂದುಕೊಂಡು ಒಬ್ಬಳು ಹೆದರುತ್ತಾ ಬದುಕಿದಳು, ಒಬ್ಬಳು ನೋಯುತ್ತಾ ಬದುಕಿದಳು. ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದ ಈ ಗಂಡಸು ಎರಡೂ ಊರಿನ ಹೂವನ್ನು ಕಂಡವನು, ಇಬ್ಬರ ಮಾತೂ ತಿಳಿದವನು. ನನಗೆ ಸಿಟ್ಟು ನೆತ್ತಿಗೇರಿತು. ಮುದುಕ ಎಂದೂ ನೋಡಲಿಲ್ಲ.

"ಅಜ್ಜಿ ಸತ್ತ ಮೇಲಾದ್ರೂ ಹೇಳ್ಬೋದಿತ್ತಲ್ಲ! ಸತ್ತೋರ ತಲೆ ಮೇಲಿನ ಆಣೆ ಯಾರಿಗೆ ಬೇಕಾಗಿತ್ತು? ಹೋಗ್ಲಿ, ಹೂವಾದ್ರೂ ತರ್ಬೋದಿತ್ತಲ್ಲ. ಯಾಕೆ ನಿಲ್ಸಿದೆ?"

"ನಮ್ಮವ್ವ ಹೋದ್ಮೇಲೆ ಯಾರೂ ನೆನಪು ಮಾಡ್ಲಿಲ್ಲ. ಇವ್ಳೂ ಕೇಳ್ಲಿಲ್ಲ."

ಆಮೇಲೆ ಕೈಬೆರಳು ನೋಡಿಕೊಳ್ಳುತ್ತಾ ಹೇಳಿದ.

"ಆ ಹೂ ನಾನೇ ಮನಸ್ಸಿನಿಂದ ತರ್ತೀನಿ ಅಂದ್ಕಂಡಿದ್ಲಲ್ಲ ನಿಮ್ಮವ್ವ. ನಾಕು ಜನರ ಮುಂದೆ ಹೇಳ್ಕಂಡು ಓಡಾಡಿದ್ಲು. ನಮ್ಮವ್ವ ಹೇಳಿದ್ದಕ್ಕೆ ತಂದೆ ಅಂತ ಹೇಳಾಕೆ ಬಾಯಿ ಬರ್ಲಿಲ್ಲ."

ಬೈಯಲು ಏನು ಉಳಿದಿತ್ತು? ಮಾರನೆಯ ದಿನ ಆ ಮೊಳದಗಲದ ಮಣ್ಣಿನಲ್ಲಿ ಬಳ್ಳಿಯನ್ನೇ ಹಾಕಿ, ಬೀದಿ ಮಕ್ಕಳ ಕೈಗೆ ಸಿಗಬಾರದೆಂದು ಸುತ್ತ ಜಾಲರಿ ಕಟ್ಟಿಸಿದೆ. ಅಪ್ಪ ಬೇಡ ಎನ್ನಲಿಲ್ಲ. ಕರ್ಣಕುಂಡಲದ ಬೀಜ ಒಗ್ಗರಣೆ ಡಬ್ಬಿಯ ಪಕ್ಕ ಹಾಗೇ ಇದೆ. ಅದನ್ನು ನೋಡಿದಾಗಲೆಲ್ಲ ಅಜ್ಜಿಗೆ ಅನ್ಯಾಯ ಮಾಡಿದೆ ಅನ್ನಿಸುತ್ತದೆ, ಅದನ್ನು ಹಾಕಿದ್ದರೆ ಅವ್ವನಿಗೆ ಮಾಡಿದೆ ಅನ್ನಿಸುತ್ತಿತ್ತು. ಈ ವಯಸ್ಸಿನಲ್ಲೂ ನಾನು ಅವರಿಬ್ಬರ ನಡುವೆಯೇ ನಿಂತಿದ್ದೇನೆ.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಪ್ಪನ ಕುರ್ಚಿ ಖಾಲಿ ಇತ್ತು. ಗೇಟಿನ ಹತ್ತಿರ ಇರಲಿಲ್ಲ. ಜಾಲರಿ ಸರಿದಿತ್ತು, ಅರಳಿದ್ದ ಹೂಗಳಲ್ಲಿ ಒಂದು ಕಾಣಲಿಲ್ಲ. ಓಡಿ ಒಳಗೆ ಬಂದರೆ ಅವನು ನಡುಮನೆಯಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದ. ಗೋಡೆಯ ಮೇಲೆ ಅಜ್ಜಿಯ ಪಟ, ಪಕ್ಕದಲ್ಲಿ ಅವ್ವನದು. ಮಂಜುಗಣ್ಣಿನಲ್ಲಿ ತಡವರಿಸಿ, ಗಾಜು ಮುಟ್ಟಿ ನೋಡಿ, ಹೂವನ್ನು ಅವ್ವನ ಪಟದ ಮೊಳೆಗೆ ಸಿಕ್ಕಿಸಿದ. ನಾನು ಸದ್ದು ಮಾಡದೆ ಅವನ ಹಿಂದೆ ನಿಂತೆ. ಅವನು ಅವ್ವನ ಜೊತೆ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಬದುಕಿದ್ದಾಗ ನಾನು ಕೇಳಿರಲಿಲ್ಲ.

"ಇದು ನಾನು ತಂದಿದ್ದಲ್ಲ ಕಣೇ. ಯಾವಾಗ್ಲೂ ನಾನು ತಂದಿದ್ದಲ್ಲ. ನಮ್ಮವ್ವ ಕಳಿಸ್ತಿದ್ಲು."

ಹೇಳಿ, ಉತ್ತರ ಬರುತ್ತದೇನೋ ಎನ್ನುವಂತೆ ನಿಂತೇ ಇದ್ದ. ಆಮೇಲೆ ಕಣ್ಣೊರೆಸಿಕೊಳ್ಳಲು ಕೈ ಎತ್ತಿದ. ನಾನು ಹಿಂದಿನಿಂದ ಆ ಕೈ ಹಿಡಿದುಕೊಂಡೆ.

"ತಡಿ ಅಪ್ಪ. ಮೊದ್ಲು ಕೈ ತೊಳ್ಕ."